ಮಂತ್ರಿ ಬಂದ ದಿನದ ಸೂಟಿ

ಈ ಬರಹದಲ್ಲಿ ಕೆಲವು ತಪ್ಪುಗಳಿರಬಹುದು. ಅವು ಎಲ್ಲಿರಬಹುದೆಂಬ ಅಂದಾಜು ನನಗಿದೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಆ ದಿನ ಹಾನಗಲ್ಲಿಗೆ ಬಂದವರು, ಆಗ ನಮ್ಮ ಜಿಲ್ಲೆಯನ್ನು ಆಳುತ್ತಿದ್ದ ಮುಂಬೈ ಸರಕಾರದ ಶಿಕ್ಷಣ ಮಂತ್ರಿಗಳೇ ಹೌದೋ, ಮಂತ್ರಿಗಳ ಕೈಕೆಳಗಿನ ಕಾರ್ಯದರ್ಶಿಗಳೋ, ಆಣೆ ಮಾಡಿ ಹೇಳಲಾರೆ. ಊರಿನವರೆಲ್ಲ ಅವರನ್ನು ಮಂತ್ರಿ ಎಂದೇ ಕರೆದರು, ನಾನೂ ಹಾಗೇ ಕರೆಯುತ್ತೇನೆ. ಅವರ ಮೋಟಾರು ಕಪ್ಪಗಿತ್ತೆಂದು ನನ್ನ ನೆನಪು. ಅದು ಧೂಳಿನ ಬಣ್ಣದ್ದು ಎಂದು ನನ್ನ ಅಣ್ಣ ಹೇಳುತ್ತಾನೆ. ಶಿಗ್ಗಾಂವಿಯಿಂದ ಬಂಕಾಪುರದ ಮೇಲೆ ಹಾಯ್ದು ಬಂದ ಮೋಟಾರು ಯಾವುದಾದರೂ ಧೂಳಿನ ಬಣ್ಣಕ್ಕೇ ತಿರುಗುತ್ತಿತ್ತಾದ್ದರಿಂದ ನಮ್ಮಿಬ್ಬರ ಮಾತೂ ಖರೆ ಇರಬಹುದು. ನಾನು ಡೈರಿ ಬರೆಯತೊಡಗಿದ್ದು ಧಾರವಾಡದಲ್ಲಿ ಕಾಲೇಜು ಸೇರಿದ ಮೇಲೆ. ಅದಕ್ಕಿಂತ ಎಂಟು ಒಂಬತ್ತು ವರ್ಷ ಹಿಂದಿನ ಈ ದಿನ ಯಾವ ಪುಟದಲ್ಲೂ ಇಲ್ಲ. ಆದರೆ ಅವತ್ತು ನಮ್ಮ ಶಾಲೆಗೆ ಬೀಗ ಹಾಕಿತ್ತು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ಆಗ ನಾನು ನಾಲ್ಕನೇ ಇಯತ್ತೆಯಲ್ಲಿ, ಎಂದರೆ ನಾಲ್ಕನೇ ತರಗತಿಯಲ್ಲಿದ್ದೆ. ಹಾನಗಲ್ಲಿನ ಹೆಣ್ಣುಮಕ್ಕಳ ಶಾಲೆ ಇದ್ದದ್ದೇ ನಾಲ್ಕರವರೆಗೆ. ಮುಂದೆ ಓದುವ ಹುಡುಗಿ ಗಂಡುಹುಡುಗರ ಶಾಲೆಯಲ್ಲಿ ಹೋಗಿ ಕೂರಬಹುದು ಎಂದು ಕಾಗದದ ಮೇಲೆ ಇತ್ತಂತೆ. ಪೇಟೆಯ ಯಾವ ಮನೆಯವರೂ ಹಾಗೆ ಕಳಿಸಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಅಕ್ಕ ನಾಲ್ಕು ಮುಗಿಸಿ, ಮೂರು ವರ್ಷ ಮನೆಯಲ್ಲಿದ್ದು, ಲಗ್ನವಾಗಿ ರಟ್ಟೀಹಳ್ಳಿಗೆ ಹೋಗಿದ್ದಳು. ನನ್ನ ದಾರಿಯೂ ಅದೇ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಪರೀಕ್ಷೆಗೆ ಎರಡೋ ಮೂರೋ ತಿಂಗಳು ಉಳಿದಿತ್ತು. ನನಗೆ ಶಾಲೆ ಬಿಡುವ ಮನಸ್ಸು ಸ್ವಲ್ಪವೂ ಇರಲಿಲ್ಲ. ಓದಿ ಏನಾಗಬೇಕು ಎಂದು ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಐದನೇ ಇಯತ್ತೆಯ ಪುಸ್ತಕದಲ್ಲಿ ಏನಿದೆ ಎಂದು ನೋಡಬೇಕಾಗಿತ್ತು, ಅಷ್ಟೆ.

ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಅಪ್ಪನ ಭತ್ತದ ಅಂಗಡಿಯಲ್ಲಿ ಕೂತಿದ್ದ. ಮುಂದೆ ಇಂಗ್ಲಿಷ್ ಕಲಿಯಬೇಕೆಂದರೆ ಊರಲ್ಲಿ ಶಾಲೆ ಇರಲಿಲ್ಲ, ಧಾರವಾಡಕ್ಕೆ ಕಳಿಸಿದರೆ ಅಂಗಡಿಗೆ ಇನ್ನೊಬ್ಬರಿಲ್ಲ ಎಂದು ಅಪ್ಪ ಬಿಟ್ಟಿರಲಿಲ್ಲ. ಹಾನಗಲ್ಲಿಗೇ ಇಂಗ್ಲಿಷ್ ಶಾಲೆ ಬಂದರೆ ಮುಂಜಾನೆ ಅಂಗಡಿ ತೆರೆದಿಟ್ಟು ಶಾಲೆಗೆ ಹೋಗಿಬರಬಹುದು ಎಂದು ಅವನು ಲೆಕ್ಕ ಹಾಕಿಕೊಂಡಿದ್ದ. ಅಪ್ಪನೂ ಅದಕ್ಕೆ ಒಪ್ಪಿದ್ದ.

ಹೊಸ ಮಂತ್ರಿಮಂಡಲ ಬಂದು ಬಹಳ ದಿನವಾಗಿರಲಿಲ್ಲ. ಶಿಕ್ಷಣದ ಮಂತ್ರಿ ಶಿಗ್ಗಾಂವಿಯಿಂದ ಹಾನಗಲ್ಲಿಗೆ ಬಂದು, ಒಂದು ತಾಸು ನಿಂತು, ಹಿರೇಕೆರೂರಿಗೆ ಹೋಗುತ್ತಾರೆ ಎಂದು ಸುದ್ದಿ ಬಂತು. ಸ್ವಾಗತಕ್ಕೆ ಪೇಟೆಯ ಹಿರಿಯರು ಕೂಡಿದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ಇಂಗ್ಲಿಷ್ ಶಾಲೆ ಬೇಕೆಂಬ ಅರ್ಜಿಯನ್ನು ಅಣ್ಣನೇ ಬರೆದ. ಅವನ ಅಕ್ಷರ ಅಚ್ಚು ಹಾಕಿದ ಹಾಗೆ ಇರುತ್ತಿತ್ತು. ಅರ್ಜಿ ಇನ್ನೂ ಒಣಗುತ್ತಿರುವಾಗ ನಮ್ಮ ಶಾಲೆಯ ಅಕ್ಕಾರು ಬಂದರು. ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ನಾವು ಅಕ್ಕಾರು ಎನ್ನುತ್ತಿದ್ದೆವು. ಅವರು ಒಳಗೆ ಬರಲಿಲ್ಲ. ಕಂಬದ ಹತ್ತಿರ ನಿಂತು ಹೇಳಿದರು.

“ಅದರಾಗ ಒಂದ ಸಾಲು ಹೆಣ್ಣುಮಕ್ಕಳದೂ ಬರೀರಿ. ಐದನೇ ಇಯತ್ತೆ ತೆಗೀಬೇಕು ಅಂತ.”

“ಅಕ್ಕಾರ, ಒಂದ ಅರ್ಜಿಯೊಳಗ ಎರಡು ಬೇಡಿಕಿ ಹಾಕಿದ್ರ ಎರಡೂ ಹೋಗ್ತಾವ್ರಿ,” ಎಂದ ಅಪ್ಪ. “ಮುಂದಿನ ಸಲ ನೋಡೂಣಂತ.”

“ಮುಂದಿನ ಸಲ ಅಂದ್ರ ಯಾವಾಗ್ರಿ? ಮಂತ್ರಿ ಏನು ವಾರದ ಸಂತಿಗೆ ಬರೋ ಪೈಕಿನ?”

ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಸಾಲು ಮಾತ್ರ ಸೇರಲಿಲ್ಲ. ಅಣ್ಣ ತಲೆ ಎತ್ತದೆ ಕಾಗದವನ್ನು ಊದಿ ಊದಿ ಒಣಗಿಸುತ್ತಿದ್ದ. ನಾನು ನಡುಮನೆಯ ಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡಿದೆ.

ಆಮೇಲೆ ಸೂಟಿಯ, ಎಂದರೆ ರಜೆಯ, ಮಾತು ಬಂತು. ದೊಡ್ಡ ಅಧಿಕಾರಿ ಊರಿಗೆ ಬಂದರೆ ಅವರ ಗೌರವಕ್ಕೆ ಶಾಲೆಗಳಿಗೆ ಸೂಟಿ ಕೊಡುವುದು ನಮ್ಮ ಕಡೆಯ ರೂಢಿ. ಕಲೆಕ್ಟರ ಬಂದಾಗ ಅರ್ಧ ದಿನ ಕೊಟ್ಟಿದ್ದರು. ಮಂತ್ರಿ ಕಲೆಕ್ಟರಿಗಿಂತ ದೊಡ್ಡವರು, ಆದ್ದರಿಂದ ಪೂರಾ ದಿನ ಕೊಡಬೇಕು ಎಂದು ಹಿರಿಯರು ಠರಾವು ಮಾಡಿದರು.

“ಶಾಲಿ ನೋಡಾಕ ಬರೋರಿಗೆ ಸೂಟಿ ಕೊಟ್ರ, ಅವರು ನೋಡೂದೇನ್ರಿ?” ಎಂದರು ಅಕ್ಕಾರು.

“ಶಾಲಿ ನೋಡ್ತಾರಲ್ರಿ. ಸಾರಿಸಿ, ತೋರಣ ಕಟ್ಟಿ, ಛಂದ ಮಾಡಿಸಿಡ್ತೇವಿ. ಹುಡುಗ್ಯಾರಿದ್ರ ಮತ್ತ ಹೊಲಸು ಮಾಡ್ತಾವು.”

ಇದು ಅಪ್ಪನ ಮಾತೋ, ಅಲ್ಲಿ ಕೂತಿದ್ದ ಇನ್ನೊಬ್ಬರದೋ, ಖಾತ್ರಿಯಿಲ್ಲ. ಯಾರೇ ಆಡಿರಲಿ, ಅದರಲ್ಲಿ ಕುಚೋದ್ಯ ಇರಲಿಲ್ಲ. ಬೀಗರು ಬರುವ ದಿನ ಕೂಸುಗಳನ್ನು ಹಿತ್ತಲಿಗೆ ಕಳಿಸುವ ಹಾಗೆ, ಮಂತ್ರಿ ಬರುವ ದಿನ ನಮ್ಮನ್ನು ಮನೆಗೆ ಕಳಿಸಿದರು.

ಮುಂದಿನ ಸ್ವಲ್ಪ ಭಾಗವನ್ನು ನಾನು ಕಣ್ಣಾರೆ ಕಂಡಿಲ್ಲ, ಅಣ್ಣ ಹೇಳಿದ್ದು. ಮೋಟಾರು ಪೇಟೆಯ ಹತ್ತಿರ ನಿಂತಿತು. ಮಂತ್ರಿ ಇಳಿದರು, ಜೊತೆಗೆ ಶಾಲೆಗಳ ತಪಾಸಣೆ ಮಾಡುವ ದಿಪೋಟಿ ಸಾಹೇಬರೂ ಇಳಿದರು. ಹಾರ ಹಾಕಿದ ಮೇಲೆ ಮಂತ್ರಿ ಮೊದಲು ಹೆಣ್ಣುಮಕ್ಕಳ ಶಾಲೆ ನೋಡುತ್ತೇನೆ ಎಂದರು. ಶಾಲೆ ಒಂದು ಬಾಡಿಗೆ ಮನೆಯಲ್ಲಿತ್ತು. ಮುಂದೆ ಸಾರಿಸಿ ರಂಗೋಲಿ ಹಾಕಿತ್ತು, ಮಾವಿನ ತೋರಣ ಕಟ್ಟಿತ್ತು, ಬಾಗಿಲಿಗೆ ಬೀಗ ಜೋತಾಡುತ್ತಿತ್ತು. ಮಂತ್ರಿ ಮರಾಠಿಯಲ್ಲಿ ಏನೋ ಕೇಳಿದರು. ದಿಪೋಟಿ ಸಾಹೇಬರ ಮುಖ ಸಣ್ಣದಾಯಿತು.

“ಇವತ್ತ ಏನು ಹಬ್ಬ ಅಂತ ಕೇಳಾಕತ್ತಾರ,” ಎಂದರು ಅವರು.

ಅಪ್ಪ ಎರಡೂ ಕೈ ಜೋಡಿಸಿ, ಮುಖ ಅರಳಿಸಿ ಹೇಳಿದನಂತೆ: “ತಾವು ಬಂದದ್ದ ನಮಗ ಹಬ್ಬರಿ.”

ಮಂತ್ರಿ ಹಾರ ತೆಗೆದು ಬಾಗಿಲ ಮೊಳೆಗೆ ಹಾಕಿ, ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಶಾಲೆ ಶುರುವಾಗುವವರೆಗೆ ಕೂತಿರುತ್ತೇನೆ, ಹಿರೇಕೆರೂರಿಗೆ ತಡವಾದರೆ ಆಗಲಿ ಎಂದರು. ಸಿಟ್ಟಿನಿಂದ ಹೇಳಿದರೋ, ನಗುತ್ತ ಹೇಳಿದರೋ ಎಂದು ಅಣ್ಣನನ್ನು ಎಷ್ಟೋ ಸಲ ಕೇಳಿದ್ದೇನೆ. “ಕುಂತರು, ಅಷ್ಟ,” ಎನ್ನುತ್ತಾನೆ.

ನಾನು ಆಗ ಮನೆಯ ಹಿತ್ತಲಿನಲ್ಲಿ ಅವ್ವನ ಮುಂದೆ ಕೂತಿದ್ದೆ. ಒಂದು ಕಡೆಯ ಹೆರಳು ಹಾಕಿ ಮುಗಿದಿತ್ತು, ಇನ್ನೊಂದು ಕಡೆ ಕೂದಲು ಬಿಚ್ಚಿತ್ತು. ನನ್ನ ಪಕ್ಕದಲ್ಲಿ, ನಮ್ಮಲ್ಲಿಗೆ ಬಂದಿದ್ದ ಸವಣೂರಿನ ಅತ್ತೆಯ ಮಗಳು ತನ್ನ ಸರದಿಗೆ ಕಾಯುತ್ತಿದ್ದಳು. ಅಣ್ಣ ಓಡುತ್ತ ಬಂದ.

“ಏ, ಏಳ ಏಳ, ಶಾಲಿ ಸುರುವಾತು!”

“ಇವತ್ತ ಸೂಟಿ ಅಲ್ಲೇನೋ?” ಎಂದಳು ಅವ್ವ.

“ಸೂಟಿ ಹೋತಬೇ. ಮಂತ್ರಿ ಕಟ್ಟಿ ಮ್ಯಾಲ ಕುಂತಾನ. ಹುಡುಗ್ಯಾರು ಬರೋತನಕ ಏಳೂದಿಲ್ಲಂತ.”

“ಏಳೂದಿಲ್ಲಂದ್ರ? ಅಡಗಿ ಯಾರ ಮನ್ಯಾಗ ಮಾಡಸ್ಬೇಕಂತ?”

“ಅದನ್ನ ಆಮ್ಯಾಲ ಕೇಳ. ಇಕಿನ್ನ ಬಿಡು ಮದ್ಲ.”

“ಅರ್ಧ ತಲಿ ಬಿಚಗೊಂಡು ಹೆಂಗ ಹೋಗ್ತಾಳೋ ಮಂತ್ರಿ ಮುಂದ!”

ನಾನು ಹಾಗೆಯೇ ಹೋದೆ. ಅತ್ತೆಯ ಮಗಳನ್ನೂ ಕೈಹಿಡಿದು ಎಳೆದುಕೊಂಡು ಹೋದೆ. ಬೀದಿಯ ತುಂಬ ಹುಡುಗಿಯರು ಓಡುತ್ತಿದ್ದರು. ಒಬ್ಬಳ ತಲೆಯಿಂದ ಎಣ್ಣೆ ಇಳಿಯುತ್ತಿತ್ತು, ಒಬ್ಬಳು ತಮ್ಮನನ್ನು ಬಗಲಲ್ಲಿ ಎತ್ತಿಕೊಂಡಿದ್ದಳು, ಒಬ್ಬಳ ಕೈ ಮೊಣಕೈವರೆಗೆ ಸೆಗಣಿ. ಅಕ್ಕಾರು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ದಬ್ಬುತ್ತಿದ್ದರು. ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಮೊದಲು ಕಂಡಿರಲಿಲ್ಲ. ಪೇಟೆಯ ಹಿರಿಯರು, ಎಂದರೆ ನಮ್ಮ ನಮ್ಮ ಅಪ್ಪಂದಿರು, ತಲೆಗೆ ಪಟಗಾ ಸುತ್ತಿ, ಕೋಟು ಹಾಕಿಕೊಂಡು ಹೊರಗೆ ನಿಂತು ನಮ್ಮನ್ನು ನೋಡಿ ನಾಚಿಕೊಳ್ಳುತ್ತಿದ್ದರು.

ಮಂತ್ರಿ ಒಳಗೆ ಬಂದು ಗೋಡೆಯ ನಕಾಶೆಯ ಮುಂದೆ ನಿಂತರು. ಅದು ಧಾರವಾಡ ಜಿಲ್ಲೆಯದು. ನನ್ನನ್ನು ಏಕೆ ಕರೆದರೋ ಗೊತ್ತಿಲ್ಲ, ಅರ್ಧ ತಲೆ ಕಂಡೇ ಕರೆದಿರಬೇಕು. ಹಾನಗಲ್ಲು ತೋರಿಸು ಎಂದರು, ತೋರಿಸಿದೆ. ತಾವು ಬಂದ ಶಿಗ್ಗಾಂವಿ ತೋರಿಸು ಎಂದರು, ಹೋಗುವ ಹಿರೇಕೆರೂರು ತೋರಿಸು ಎಂದರು. ಕಡ್ಡಿ ಇಟ್ಟು ತೋರಿಸಿದೆ. ಆಗ ಅತ್ತೆಯ ಮಗಳು ಯಾರೂ ಕೇಳದೆ ಎದ್ದು ನಿಂತು, “ನಮ್ಮೂರು ಹಳದಿ ಬಣ್ಣದಾಗ ಐತ್ರಿ,” ಎಂದು ಬೆರಳು ಇಟ್ಟಳು.

ದಿಪೋಟಿ ಸಾಹೇಬರು ಗಡಿಬಿಡಿಯಿಂದ ವಿವರಿಸಿದರು: ಈ ಹುಡುಗಿ ಸವಣೂರಿನವಳು, ಅಲ್ಲಿ ನವಾಬರ ಆಡಳಿತ, ಅಲ್ಲಿ ನಮ್ಮ ಹುಕುಂ ನಡೆಯುವುದಿಲ್ಲ, ಇವಳನ್ನು ಎಣಿಕೆಯಲ್ಲಿ ಹಿಡಿಯಬಾರದು. ಮಂತ್ರಿ ಆ ಹಳದಿ ತುಣುಕನ್ನು ಸ್ವಲ್ಪ ಹೊತ್ತು ನೋಡಿ, ಎಣಿಸಬೇಡಿ, ಕೂರಲಿ ಎಂದರು. ಅವಳು ಕೂತಳು.

ಆಮೇಲೆ ನನ್ನ ಕಡೆ ತಿರುಗಿದರು. ದಿಪೋಟಿ ಸಾಹೇಬರು ಕನ್ನಡದಲ್ಲಿ ಹೇಳಿದರು: “ಬರೋ ವರ್ಷ ಏನ್ ಮಾಡ್ತಿ ಅಂತ ಕೇಳಾಕತ್ತಾರ.”

“ಮನ್ಯಾಗ ಇರ್ತೇನ್ರಿ.”

“ಯಾಕ?”

“ಐದನೇ ಇಯತ್ತೆ ಇಲ್ರಿ.”

ಇಷ್ಟನ್ನು ನಾನೇ ಹೇಳಿದೆ. ಇದರ ಬಗ್ಗೆ ಅಣ್ಣನದೂ ತಕರಾರಿಲ್ಲ. ನನ್ನ ದನಿ ನಡುಗಲಿಲ್ಲ ಎಂದು ನನಗೆ ನೆನಪಿದೆ. ಅದು ಧೈರ್ಯವಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ್ದೆ, ಅಷ್ಟೆ. ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ನಾನು ನೋಡಲಿಲ್ಲ.

ಐದು ತೆರೆದರೆ ಯಾರ್ಯಾರು ಬರುತ್ತೀರಿ, ಕೈ ಎತ್ತಿ ಎಂದು ಮಂತ್ರಿ ನಮ್ಮನ್ನೆಲ್ಲ ಕೇಳಿದರು. ಒಂದೂ ಕೈ ಏಳಲಿಲ್ಲ. ನನ್ನದೂ ಏಳಲಿಲ್ಲ, ಇದನ್ನು ಬರೆಯಲೇಬೇಕು. ಹಿರಿಯರ ಎದುರಿಗೆ ನಾನು ಬರುತ್ತೇನೆ ಎಂದು ಹೇಳುವುದು ಇದ್ದದ್ದನ್ನು ಹೇಳಿದ ಹಾಗಲ್ಲ. ಅದು ಬೇಕು ಎಂದು ಕೇಳಿದ ಹಾಗೆ.

ಮಂತ್ರಿಗೆ ಅದು ತಿಳಿಯಿತು ಎಂದು ಕಾಣುತ್ತದೆ. ನಮಗೆ ಎದ್ದು ಗೋಡೆಯ ಪಕ್ಕ ನಿಲ್ಲಲು ಹೇಳಿದರು. ನಾವು ಕೂತಿದ್ದ ತಟ್ಟುಗಳ ಮೇಲೆ ಹೊರಗಿನ ಹಿರಿಯರು ಬಂದು ಕೂರಬೇಕು ಎಂದರು. ಅಪ್ಪಂದಿರು ಒಬ್ಬರ ಮುಖ ಒಬ್ಬರು ನೋಡಿದರು. “ಕುಂತ್ರಿ, ಕುಂತ್ರಿ,” ಎಂದರು ಅಕ್ಕಾರು, ಮೊದಲ ಸಲ ಅವರಿಗೆ ಅಪ್ಪಣೆ ಕೊಡುವ ದನಿಯಲ್ಲಿ. ಧೋತರ ಸರಿಮಾಡಿಕೊಂಡು, ಚಕ್ಕಳಮಕ್ಕಳ ಹಾಕಿಕೊಂಡು, ಪೇಟೆಯ ದೊಡ್ಡವರೆಲ್ಲ ನಾಲ್ಕನೇ ಇಯತ್ತೆಯ ಹುಡುಗಿಯರ ಜಾಗದಲ್ಲಿ ಸಾಲಾಗಿ ಕೂತರು. ಗೋಡೆಯ ಪಕ್ಕ ಒಬ್ಬಳು ಕಿಸಕ್ಕೆಂದಳು. ಅಕ್ಕಾರು ಅವಳತ್ತ ಕಣ್ಣು ಬಿಟ್ಟರು, ಆದರೆ ಅವರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಅಪ್ಪ ಮೊದಲ ಸಾಲಿನಲ್ಲಿ ಕೂತ. ಅಣ್ಣ ಅರ್ಜಿಯ ಸುರುಳಿ ಹಿಡಿದು ಅವನ ಬೆನ್ನಿಗೇ ಕೂತ.

ಮಂತ್ರಿ ಆಗ ಆಡಿದ ಮಾತನ್ನು ದಿಪೋಟಿ ಸಾಹೇಬರ ಕನ್ನಡದಲ್ಲೇ ನಾನು ನೆನಪಿಟ್ಟಿದ್ದೇನೆ. ಅದರಲ್ಲಿ ಎಷ್ಟು ಮಂತ್ರಿಯವರದು, ಎಷ್ಟು ಸಾಹೇಬರದು, ಎಷ್ಟು ನನ್ನದು ಎಂದು ಬೇರ್ಪಡಿಸಲು ಈಗ ಆಗುವುದಿಲ್ಲ.

“ಶಾಲಿ ಕೊಡೂದು ನನ್ನ ಕೈಯಾಗ ಐತಿ. ಅಕ್ಕಾರನ್ನ ಕೊಡೂದು ನನ್ನ ಕೈಯಾಗ ಐತಿ. ಹುಡುಗ್ಯಾರನ್ನ ಕೊಡೂದು ನಿಮ್ಮ ಕೈಯಾಗ ಐತಿ. ಮುಂಬೈಗೆ ದಿನಾ ಗಾಡಿಗಟ್ಟಲೆ ಅರ್ಜಿ ಬರ್ತಾವು. ಟಪಾಲಿನಾಗ ಬಂದದ್ದು ತನ್ನ ಸರದಿ ಕಾಯತೈತಿ. ಈ ಊರಿಂದ ಒಂದ ಕಾಗದ ನಾನು ನನ್ನ ಕಿಸೇದಾಗ ಇಟಗೊಂಡು ಹೋಗ್ತೇನಿ. ಯಾವದು ಅಂತ ನೀವ ಹೇಳ್ರಿ.”

ಅಣ್ಣನ ಕೈಯಲ್ಲಿದ್ದದ್ದು ಇಂಗ್ಲಿಷ್ ಶಾಲೆಯ ಅರ್ಜಿ. ನಮ್ಮದಕ್ಕೆ ಕಾಗದವೇ ಇರಲಿಲ್ಲ. ದಿಪೋಟಿ ಸಾಹೇಬರು ನಿಯಮ ತಿಳಿಸಿದರು: ಐದನೇ ಇಯತ್ತೆ ತೆರೆಯಬೇಕಾದರೆ ಹತ್ತು ಹುಡುಗಿಯರಾದರೂ ಬರುತ್ತಾರೆಂದು ಪಾಲಕರು ಒಪ್ಪಬೇಕು. ಹತ್ತು ಎಂದೇ ನನ್ನ ನೆನಪು. ಎಂಟು ಇದ್ದಿರಲೂಬಹುದು. ಮಂತ್ರಿ ಕೇಳಿದರು: ಮಗಳನ್ನು ಐದಕ್ಕೆ ಕಳಿಸುವವರು ಕೈ ಎತ್ತಲಿ.

ನಮ್ಮ ಪೇಟೆಯಲ್ಲಿ ಯಾವ ಕೆಲಸಕ್ಕೂ ಮೊದಲು ಎಲ್ಲರೂ ಅಪ್ಪನ ಕಡೆ ನೋಡುತ್ತಿದ್ದರು. ಅವತ್ತೂ ನೋಡಿದರು. ಅಪ್ಪ ಎತ್ತಿದರೆ ಉಳಿದವರು ಎತ್ತುತ್ತಾರೆ, ಎತ್ತದಿದ್ದರೆ ಇಲ್ಲ. ಅಲ್ಲಿದ್ದ ಎಲ್ಲರಿಗೂ ಇದು ಗೊತ್ತಿತ್ತು, ನನಗೂ ಗೊತ್ತಿತ್ತು. ಅಪ್ಪ ಎದುರಿನ ನಕಾಶೆಯನ್ನೇ ನೋಡುತ್ತ ಕೂತಿದ್ದ. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ, ಸುಣ್ಣ ಬೆನ್ನಿಗೆ ಹತ್ತಿತ್ತು.

ಆಮೇಲೆ ಅಪ್ಪನ ಕೈ ಎದ್ದಿತು. ಆಚೆ ಒಂದು ಎದ್ದಿತು, ಈಚೆ ಒಂದು, ಹಿಂದೆ ಏಳೆಂಟು. ಅಕ್ಕಾರು ಗಟ್ಟಿಯಾಗಿ ಎಣಿಸುತ್ತ ಹೋದರು. ಎಣಿಕೆ ನಿಯಮಕ್ಕೆ ಬೇಕಾದಷ್ಟು ಮುಟ್ಟಿದ ಮೇಲೆ ಅಣ್ಣ ಎದ್ದು, ಅರ್ಜಿಯ ಸುರುಳಿಯನ್ನು ಬಗಲಲ್ಲಿ ಸಿಗಿಸಿಕೊಂಡು, ಅಕ್ಕಾರ ಮೇಜಿನ ಹತ್ತಿರ ಹೋದ. ಒಂದು ಖಾಲಿ ಹಾಳೆ ಬೇಡಿ, ಹೆಣ್ಣುಮಕ್ಕಳ ಐದನೇ ಇಯತ್ತೆಯ ಅರ್ಜಿಯನ್ನು ನಿಂತಲ್ಲೇ ಬರೆದ. ಅಪ್ಪಂದಿರು ಸಹಿ ಹಾಕಿದರು. ಮಂತ್ರಿ ಅದನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿ ಇಟ್ಟುಕೊಂಡರು. ಇಂಗ್ಲಿಷ್ ಶಾಲೆಯ ಅರ್ಜಿ ಮರುದಿನ ಟಪಾಲಿಗೆ ಹೋಯಿತು.

ಹಿರೇಕೆರೂರಿನವರೂ ಸೂಟಿ ಕೊಟ್ಟಿದ್ದರು. ಹಾನಗಲ್ಲಿನ ಕಥೆ ಮಂತ್ರಿಗಿಂತ ಮೊದಲೇ ಯಾರದೋ ಸೈಕಲ್ಲಿನ ಮೇಲೆ ಅಲ್ಲಿಗೆ ಮುಟ್ಟಿತು. ಮಕ್ಕಳನ್ನೆಲ್ಲ ಹಿಡಿದು ತಂದು ಕೂರಿಸಿ, ಹೊತ್ತು ಮುಳುಗುವವರೆಗೆ ಮಗ್ಗಿ ಹೇಳಿಸಿದರಂತೆ. ಈ ಕಥೆಯನ್ನು ನಾನು ಮೂವರ ಬಾಯಲ್ಲಿ ಮೂರು ಥರ ಕೇಳಿದ್ದೇನೆ, ಮೂರನ್ನೂ ನಂಬಿದ್ದೇನೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಹುಕುಂ ಬಂತು, ಇನ್ನೊಬ್ಬ ಅಕ್ಕಾರೂ ಬಂದರು. ಕೈ ಎತ್ತಿದವರಲ್ಲಿ ಕೆಲವರು ಮಗಳನ್ನು ಕಳಿಸಲಿಲ್ಲ, ಎತ್ತದ ಒಬ್ಬರು ಕಳಿಸಿದರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಆ ಮಂತ್ರಿಮಂಡಲ ರಾಜೀನಾಮೆ ಕೊಟ್ಟು ಹೋಯಿತು. ನಮ್ಮ ತರಗತಿ ಹೋಗಲಿಲ್ಲ, ಐದರ ಮೇಲೆ ಆರು, ಆರರ ಮೇಲೆ ಏಳು ಬಂತು. ಟಪಾಲಿಗೆ ಹಾಕಿದ ಅರ್ಜಿಯ ಸರದಿ ಕೆಲವು ವರ್ಷಗಳ ಮೇಲೆ ಬಂತು. ಊರಿನಲ್ಲಿ ಇಂಗ್ಲಿಷ್ ಶಾಲೆ ತೆರೆಯುವ ಹೊತ್ತಿಗೆ ಅಣ್ಣನ ಲಗ್ನವಾಗಿತ್ತು, ಅಂಗಡಿ ಪೂರ್ತಿ ಅವನ ಮೇಲೆ ಬಿದ್ದಿತ್ತು. ಆ ಶಾಲೆಯಲ್ಲಿ ಹೋಗಿ ಕೂತವಳು ನಾನು. ಅಷ್ಟರಲ್ಲಿ ಹುಡುಗರ ನಡುವೆ ಹುಡುಗಿ ಕೂರುವುದು ಅಪ್ಪನಿಗೇ ದೊಡ್ಡ ವಿಷಯವಾಗಿ ಉಳಿದಿರಲಿಲ್ಲ. ಅಲ್ಲಿಂದ ಧಾರವಾಡಕ್ಕೆ ಹೋದೆ.

ಕಾಲೇಜಿನಲ್ಲಿ ಒಮ್ಮೆ ಶಿಕ್ಷಣ ಮಂತ್ರಿಯ ಕರ್ತವ್ಯಗಳೇನು ಎಂಬ ಪ್ರಶ್ನೆ ಬಂದಿತ್ತು. ನೀತಿ ರೂಪಿಸುವುದು, ಅಂದಾಜುಪತ್ರಿಕೆ ಮಂಡಿಸುವುದು, ಶಾಸನಸಭೆಗೆ ಉತ್ತರ ಹೇಳುವುದು ಎಂದು ಪುಸ್ತಕದಲ್ಲಿದ್ದದ್ದನ್ನು ಬರೆದೆ. ಒಳ್ಳೆಯ ಅಂಕಗಳೂ ಬಂದವು. ಬಾಗಿಲು ತೆರೆಯುವವರೆಗೆ ಕಟ್ಟೆಯ ಮೇಲೆ ಕೂರುವುದನ್ನೂ ಸೇರಿಸಬೇಕೆಂದು ಅನಿಸಿತ್ತು. ಸೇರಿಸಲಿಲ್ಲ. ಆ ಒಂದು ತಾಸಿನಲ್ಲಿ ಅವರು ಮಾಡಿದ್ದು ದೊಡ್ಡ ಕೆಲಸ ಎಂದು ನಾನು ಈಗಲೂ ಖಚಿತವಾಗಿ ಹೇಳಬಲ್ಲೆ. ಆದರೆ ಅವರು ತಮ್ಮ ಕೈಯಲ್ಲಿಲ್ಲ ಎಂದು ಹೇಳಿದ ಭಾಗವನ್ನು ಯಾರು ಮಾಡಿದರು ಎಂಬುದೇ ನನಗೆ ಖಚಿತವಿಲ್ಲ.

ಏಕೆಂದರೆ ನನ್ನ ನೆನಪಿನಲ್ಲಿ ಅಪ್ಪನ ಕೈ ಎದ್ದ ರೀತಿ ಬೇರೆ. ಕೈ ಎತ್ತುವವರ ಬೆರಳು ಮೊದಲು ಮೇಲೆ ಹೋಗುತ್ತವೆ. ಅಪ್ಪನ ಮೊಣಕೈ ಮೊದಲು ಎದ್ದಿತು, ಅಂಗೈ ಆಮೇಲೆ ಅದರ ಹಿಂದೆ ಹೋಯಿತು. ಆ ಹೊತ್ತಿಗೆ ಅಣ್ಣ ಮುಂದೆ ಬಾಗಿದ್ದ. ಅಪ್ಪನ ಹೆಗಲಿನಿಂದ ಜಾರಿದ ವಲ್ಲಿವಸ್ತ್ರ ಎತ್ತಿಕೊಡಲು ಬಾಗಿದ್ದನೋ ಏನೋ. ಇದನ್ನು ನಾನು ಅವತ್ತೇ ಕಂಡೆನೋ, ಅಥವಾ ಅಣ್ಣ ಅಂಗಡಿಯಲ್ಲೇ ಉಳಿದು ನಾನು ಧಾರವಾಡಕ್ಕೆ ಹೋದ ಮೇಲೆ, ಮನಸ್ಸಿನ ಸಮಾಧಾನಕ್ಕೋ ಅಸಮಾಧಾನಕ್ಕೋ ಕಟ್ಟಿಕೊಂಡೆನೋ, ಗೊತ್ತಿಲ್ಲ. ಅಪ್ಪನನ್ನು ಕೇಳುವ ಧೈರ್ಯ ನನಗೆ ಆಗಲೇ ಇಲ್ಲ. ಈಗ ಅಪ್ಪನಿಲ್ಲ.

ಬಿ.ಎ. ಪಾಸಾದ ಸುದ್ದಿ ಹಿಡಿದು ಊರಿಗೆ ಬಂದ ದಿನ ನೇರವಾಗಿ ಅಂಗಡಿಗೆ ಹೋದೆ. ಅಣ್ಣ ಭತ್ತ ಅಳೆಯುತ್ತಿದ್ದ. ಸುದ್ದಿ ಕೇಳಿ ಮುಖ ತುಂಬ ನಕ್ಕ, “ಭೇಷ್! ಪೇಢೆ ಎಲ್ಲಿ?” ಎಂದ. ಮತ್ತೆ ಕೊಳಗ ಎತ್ತಿ, ಒಂದು ಎನ್ನುವ ಜಾಗದಲ್ಲಿ ಲಾಭ ಎಂದು ಹೇಳಿ, ಎರಡು, ಮೂರು ಎಂದು ಎಣಿಸತೊಡಗಿದ. ಅಳೆಯುವವನನ್ನು ನಡುವೆ ಮಾತಾಡಿಸಬಾರದು ಎಂದು ನನಗೆ ಗೊತ್ತಿತ್ತು. ಆದರೂ ಕೇಳಿಬಿಟ್ಟೆ. ಅವನು ಎಣಿಕೆ ತಪ್ಪಿಸಲಿಲ್ಲ, ದನಿಯನ್ನು ಮಾತ್ರ ಸ್ವಲ್ಪ ಏರಿಸಿದ. ರಾಶಿ ಮುಗಿಯಿತು, ಗಿರಾಕಿ ಹೋದ, ಅಣ್ಣ ಕೈ ಕೊಡವಿಕೊಂಡು ಊಟಕ್ಕೆ ಹೋಗೋಣ ಎಂದ. ಇಷ್ಟು ವರ್ಷಗಳಲ್ಲಿ ಅದೇ ಪ್ರಶ್ನೆಯನ್ನು ಇನ್ನೂ ಎರಡು ಸಲ ಕೇಳಿದ್ದೇನೆ. ಮೋಟಾರಿನ ಬಣ್ಣ ಕೇಳಿದರೆ ಹೇಳುತ್ತಾನೆ, ಇದಕ್ಕೆ ಹೇಳುವುದಿಲ್ಲ.

“ಅಣ್ಣಾ, ಅವತ್ತ ಅಪ್ಪ ತಾನ ಕೈ ಎತ್ತಿದನೋ, ನೀ ಎತ್ತಿಸಿದ್ಯೋ?”